ಅಮೆರಿಕದ ಆಸ್ಪತ್ರೆಯ ಬಿಲ್ಲು: ಬೆಲೆ ಕಟ್ಟುವವರಾರು, ಹಣ ತೆರುವವರಾರು?

ಬೆಲೆಯನ್ನು ಮೊದಲು ಗೊತ್ತುಮಾಡಿಕೊಂಡು ಅನಂತರ ಸರಕನ್ನು ಪಡೆಯುವುದು ವ್ಯಾಪಾರದ ಮೂಲ ನಿಯಮ. ಕೊಟೇಶನ್, ಆರ್ಡರು, ಸರಬರಾಜು, ಬಿಲ್ಲು, ಪಾವತಿ ಎಂಬ ಅನುಕ್ರಮವನ್ನು ಅತಿ ಸಣ್ಣ ಕೈಗಾರಿಕೆಯವರೂ ಪಾಲಿಸುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನದ ವೈದ್ಯಕೀಯ ಕ್ಷೇತ್ರದಲ್ಲಿ ಈ ಅನುಕ್ರಮ ಬಹುಮಟ್ಟಿಗೆ ತಲೆಕೆಳಗಾಗಿದೆ. ಅಲ್ಲಿ ಸೇವೆ ಮೊದಲು ದೊರೆಯುತ್ತದೆ; ಅದರ ನಿಜವಾದ ಬೆಲೆ ಅನೇಕ ವೇಳೆ ವಾರಗಳ ಬಳಿಕ ತಿಳಿಯುತ್ತದೆ; ಹಣದ ಬಹುಭಾಗವನ್ನು ಕೊಡುವವರು ಸೇವೆ ಪಡೆದವರಲ್ಲ, ಮೂರನೆಯವರು. 2023ರಲ್ಲಿ ಆ ದೇಶ ಆರೋಗ್ಯಕ್ಕಾಗಿ ವೆಚ್ಚ ಮಾಡಿದ ಮೊತ್ತ ಸುಮಾರು 4.9 ಲಕ್ಷ ಕೋಟಿ ಡಾಲರ್. ಅಂದರೆ ಒಟ್ಟು ದೇಶೀಯ ಉತ್ಪನ್ನದ ಶೇ. 17.6.

ಈ ವಿಷಯ ನಮ್ಮ ಸದಸ್ಯರಿಗೆ ದೂರದ್ದೆಂದು ತೋರಬಹುದು. ಆದರೆ ಷಿಕಾಗೊದಂತಹ ನಗರಗಳ ಯಂತ್ರೋಪಕರಣ ಪ್ರದರ್ಶನಗಳಿಗೆ ನಮ್ಮವರು ಹೋಗಿಬರುತ್ತಾರೆ. ಯಂತ್ರ ಜೋಡಣೆಗೂ ಗ್ರಾಹಕರ ಭೇಟಿಗೂ ನೌಕರರನ್ನು ಕಳುಹಿಸುತ್ತಾರೆ. ಅಲ್ಲಿನ ಆಸ್ಪತ್ರೆಗಳ ಬಿಲ್ಲುಗಳನ್ನು ಸಿದ್ಧಪಡಿಸುವ ಕೆಲಸವೇ ಬೆಂಗಳೂರಿನ ಹಲವು ಸಂಸ್ಥೆಗಳ ಕಸುಬಾಗಿದೆ. ಆದುದರಿಂದ ಈ ವ್ಯವಸ್ಥೆಯ ಒಳಗುಟ್ಟನ್ನು ವ್ಯಾಪಾರಿಯ ಕಣ್ಣಿನಿಂದ ನೋಡುವುದು ಉಪಯುಕ್ತ.

ಮಾಲೀಕರ ಹೆಗಲಿಗೆ ಬಂದ ಹೊರೆ

ಅಮೆರಿಕದಲ್ಲಿ ಎಲ್ಲ ಪ್ರಜೆಗಳಿಗೂ ಅನ್ವಯಿಸುವ ಏಕೈಕ ಸರ್ಕಾರಿ ವಿಮೆ ಇಲ್ಲ. 65 ವರ್ಷ ದಾಟಿದವರಿಗೆ ಕೇಂದ್ರ ಸರ್ಕಾರದ ಮೆಡಿಕೇರ್ ಇದೆ; ಕಡಿಮೆ ವರಮಾನದವರಿಗೆ ಕೇಂದ್ರ ಮತ್ತು ರಾಜ್ಯಗಳು ಜಂಟಿಯಾಗಿ ನಡೆಸುವ ಮೆಡಿಕೇಡ್ ಇದೆ. ಇವೆರಡೂ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ ಕಾಯಿದೆಯಾದವು. ಉಳಿದವರಲ್ಲಿ ಬಹುಪಾಲು ಜನರಿಗೆ ವಿಮೆ ದೊರೆಯುವುದು ಅವರು ದುಡಿಯುವ ಸಂಸ್ಥೆಯ ಮೂಲಕ.

ಇದು ಯಾರೂ ಯೋಜಿಸಿ ಕಟ್ಟಿದ ಪದ್ಧತಿಯಲ್ಲ. 1929ರಲ್ಲಿ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯು ಶಾಲಾ ಶಿಕ್ಷಕರಿಂದ ತಿಂಗಳಿಗೆ 50 ಸೆಂಟ್ ಪಡೆದು, ಅಗತ್ಯಬಿದ್ದರೆ 21 ದಿನಗಳ ಆಸ್ಪತ್ರೆವಾಸವನ್ನು ಒದಗಿಸುವ ಏರ್ಪಾಡು ಮಾಡಿತು. ಬ್ಲೂ ಕ್ರಾಸ್ ವಿಮೆಯ ಮೂಲ ಇದೇ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಲ್ಲಿ, ಬೆಲೆಯೇರಿಕೆಯನ್ನು ತಡೆಯಲು ಸರ್ಕಾರ ವೇತನಗಳಿಗೆ ಮಿತಿ ಹಾಕಿತು. ಕಾರ್ಖಾನೆಗಳಿಗೆ ಆಳುಗಳ ಅಭಾವವಿದ್ದ ಕಾಲವದು. ಸಂಬಳ ಏರಿಸಲಾಗದ ಮಾಲೀಕರು ಆರೋಗ್ಯ ವಿಮೆಯ ಆಮಿಷವೊಡ್ಡಿ ಕಾರ್ಮಿಕರನ್ನು ಸೆಳೆದರು. ಇಂತಹ ಸೌಲಭ್ಯಗಳು ವೇತನ ಮಿತಿಯಿಂದ ಹೊರಗಿದ್ದವು. ಮಾಲೀಕರು ಕಟ್ಟುವ ಕಂತು ನೌಕರನ ತೆರಿಗೆಗೊಳಪಡುವ ವರಮಾನವಲ್ಲವೆಂದು 1954ರ ತೆರಿಗೆ ಸಂಹಿತೆ ಸ್ಪಷ್ಟಪಡಿಸಿದ ಮೇಲೆ ಈ ಪದ್ಧತಿ ಬೇರುಬಿಟ್ಟಿತು. ಯುದ್ಧ ಮುಗಿದರೂ ಏರ್ಪಾಡು ಉಳಿಯಿತು.

ಒಂದು ಬಿಲ್ಲಿನ ಪ್ರಯಾಣ

ರೋಗಿ ವೈದ್ಯರನ್ನು ಕಂಡು ಮನೆಗೆ ಹಿಂದಿರುಗಿದ ಮೇಲೆಯೇ ವ್ಯವಹಾರದ ನಿಜವಾದ ಕೆಲಸ ಆರಂಭವಾಗುತ್ತದೆ. ವೈದ್ಯರ ಟಿಪ್ಪಣಿಯನ್ನು ಓದಿ ತರಬೇತಾದ ಸಿಬ್ಬಂದಿ ಅದನ್ನು ಸಂಕೇತಗಳಾಗಿ ಮಾರ್ಪಡಿಸುತ್ತಾರೆ. ರೋಗಕ್ಕೊಂದು ಸಂಕೇತ, ಮಾಡಿದ ಕೆಲಸಕ್ಕೊಂದು ಸಂಕೇತ. ಕೆಲಸದ ಸಂಕೇತಗಳ ಪಟ್ಟಿಯನ್ನು ಅಮೆರಿಕನ್ ವೈದ್ಯಕೀಯ ಸಂಘ 1966ರಿಂದ ಪ್ರಕಟಿಸುತ್ತಿದೆ. ಹಳೆಯ ರೋಗಿಯೊಬ್ಬನು ಸಾಧಾರಣ ತೊಂದರೆಗಾಗಿ ವೈದ್ಯರನ್ನು ಕಾಣುವುದಕ್ಕೆ 99213 ಎಂಬುದು ಸಂಕೇತ. ಅದಕ್ಕಿಂತ ಒಂದು ಹಂತ ಮೇಲಿನ ಭೇಟಿ 99214. ಒಂದು ಅಂಕೆಯ ವ್ಯತ್ಯಾಸದಿಂದ ಪಾವತಿ ಏರುತ್ತದೆ, ಇಲ್ಲವೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಕುಳಿತು ಈ ಕೆಲಸ ಮಾಡುವವರಿಗೆ ಬೇಡಿಕೆಯಿರುವುದು ಇದೇ ಕಾರಣದಿಂದ.

ಹೀಗೆ ಸಿದ್ಧವಾದ ಕ್ಲೇಮು, ಕ್ಲಿಯರಿಂಗ್ ಹೌಸ್ ಎಂಬ ಮಧ್ಯವರ್ತಿಯ ಗಣಕಜಾಲದ ಮೂಲಕ ವಿಮಾ ಕಂಪನಿಯನ್ನು ತಲಪುತ್ತದೆ. ಅಲ್ಲಿ ನಾಲ್ಕು ಪ್ರಶ್ನೆಗಳು ಏಳುತ್ತವೆ: ಆ ದಿನ ರೋಗಿಯ ವಿಮೆ ಚಾಲ್ತಿಯಲ್ಲಿತ್ತೆ? ಆ ವೈದ್ಯರು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡವರೆ? ಮುಂಗಡ ಅನುಮತಿ ಬೇಕಾಗಿದ್ದಲ್ಲಿ ಪಡೆಯಲಾಗಿತ್ತೆ? ನಮೂದಿಸಿದ ರೋಗಕ್ಕೆ ಆ ಚಿಕಿತ್ಸೆ ಅವಶ್ಯವಾಗಿತ್ತೆ? ಒಂದಕ್ಕೆ ಉತ್ತರ ಸರಿಯಿಲ್ಲದಿದ್ದರೂ ಕ್ಲೇಮು ತಿರಸ್ಕೃತವಾಗಬಹುದು. ಆಗ ಮೇಲ್ಮನವಿಗೆ ಅವಕಾಶವಿದೆ. ಅದೂ ವಿಫಲವಾದರೆ ಹಲವು ಬಗೆಯ ತಿರಸ್ಕಾರಗಳಲ್ಲಿ ಕಂಪನಿಯ ಹೊರಗಿನ ಪರಿಶೀಲಕರ ಮೊರೆಹೋಗುವ ಹಕ್ಕನ್ನು 2010ರ ಆರೋಗ್ಯ ಕಾಯಿದೆ ನೀಡಿದೆ.

ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂಬುದು 2024ರ ಫೆಬ್ರವರಿಯಲ್ಲಿ ಕಂಡುಬಂತು. ಚೇಂಜ್ ಹೆಲ್ತ್‌ಕೇರ್ ಎಂಬ ದೊಡ್ಡ ಕ್ಲಿಯರಿಂಗ್ ಹೌಸಿನ ಗಣಕಜಾಲಕ್ಕೆ ಸೈಬರ್ ದಾಳಿಯಾಗಿ ಕ್ಲೇಮುಗಳ ರವಾನೆ ನಿಂತುಹೋಯಿತು. ರೋಗಿಗಳು ಬರುತ್ತಲೇ ಇದ್ದರು, ವೈದ್ಯರು ನೋಡುತ್ತಲೇ ಇದ್ದರು. ಹಣ ಮಾತ್ರ ಬರಲಿಲ್ಲ. ಸಣ್ಣ ಚಿಕಿತ್ಸಾಲಯಗಳು ಸಿಬ್ಬಂದಿಯ ಸಂಬಳಕ್ಕೆ ಸಾಲ ಹುಡುಕುವಂತಾಯಿತು. ಬರಬೇಕಾದ ಬಾಕಿ ಪುಸ್ತಕದಲ್ಲಿದ್ದು ಕೈಯಲ್ಲಿ ಕಾಸಿಲ್ಲದ ಸ್ಥಿತಿ ಎಂತಹದೆಂದು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಒಂದೇ ಸೇವೆಗೆ ಹಲವು ಬೆಲೆ

ಪ್ರತಿಯೊಂದು ಆಸ್ಪತ್ರೆಯೂ ತನ್ನ ಸೇವೆಗಳಿಗೆ ಒಂದು ದರಪಟ್ಟಿಯನ್ನು ಇಟ್ಟಿರುತ್ತದೆ. ನಮ್ಮ ಪೊಟ್ಟಣಗಳ ಮೇಲೆ ಮುದ್ರಿಸುವ ಗರಿಷ್ಠ ಮಾರಾಟ ಬೆಲೆಯನ್ನು ಇದಕ್ಕೆ ಹೋಲಿಸಬಹುದು. ಆದರೆ ಇಲ್ಲಿ ಮುದ್ರಿತ ಬೆಲೆಯನ್ನು ಪೂರ್ಣವಾಗಿ ಕೊಡುವವರು ವಿರಳ. ವಿಮಾ ಕಂಪನಿಗಳು ಆಸ್ಪತ್ರೆಗಳೊಡನೆ ಮೊದಲೇ ಕುದುರಿಸಿಕೊಂಡ ಒಪ್ಪಂದದ ದರವನ್ನು ಮಾತ್ರ ಮಾನ್ಯಮಾಡುತ್ತವೆ.

ಲೆಕ್ಕ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಉದಾಹರಣೆ. ಆಸ್ಪತ್ರೆ 3,000 ಡಾಲರಿನ ಬಿಲ್ಲು ಕಳುಹಿಸಿದೆ. ವಿಮಾ ಕಂಪನಿಯ ಒಪ್ಪಂದದ ದರ 1,200 ಡಾಲರ್. ಒಪ್ಪಂದಕ್ಕೆ ಸೇರಿದ ಆಸ್ಪತ್ರೆಯಾದುದರಿಂದ ಉಳಿದ 1,800 ಡಾಲರನ್ನು ಅದು ಬಿಟ್ಟುಬಿಡಬೇಕು. ವಿಮೆ ಹಣ ಕೊಡಲಾರಂಭಿಸುವ ಮುನ್ನ ರೋಗಿಯೇ ವರ್ಷಕ್ಕೆ ಇಷ್ಟೆಂದು ಭರಿಸಬೇಕಾದ ಮೊತ್ತಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಈ ರೋಗಿಯ ಡಿಡಕ್ಟಿಬಲಿನಲ್ಲಿ ಇನ್ನೂ 500 ಡಾಲರ್ ಬಾಕಿಯಿದೆ. ಅದು ಅವನ ಪಾಲು. ಉಳಿದ 700 ಡಾಲರಿನಲ್ಲಿ ಶೇ. 20ರಂತೆ 140 ಡಾಲರ್ ಕೂಡ ಅವನದೇ. ಒಟ್ಟು 640 ಡಾಲರ್ ರೋಗಿಯಿಂದ, 560 ಡಾಲರ್ ವಿಮಾ ಕಂಪನಿಯಿಂದ ಸಂದಾಯವಾಗುತ್ತದೆ. ಈ ಲೆಕ್ಕವನ್ನು ತಿಳಿಸುವ ಒಂದು ವಿವರಣಾ ಪತ್ರವನ್ನು ಕಂಪನಿ ರೋಗಿಗೆ ಕಳುಹಿಸುತ್ತದೆ. ಅದರ ಮೇಲೆ ‘ಇದು ಬಿಲ್ಲಲ್ಲ’ ಎಂದು ಬರೆದಿರುತ್ತದೆ. ನಿಜವಾದ ಬಿಲ್ಲು ಆಸ್ಪತ್ರೆಯಿಂದ ಪ್ರತ್ಯೇಕವಾಗಿ ಬರುತ್ತದೆ.

ಇನ್ನೊಂದು ಕಂಪನಿಯ ಒಪ್ಪಂದದ ದರ ಇದೇ ಸೇವೆಗೆ 1,500 ಡಾಲರ್ ಇದ್ದೀತು. ಮೆಡಿಕೇರ್ ಕುದುರಿಸುವುದೇ ಇಲ್ಲ. ದರವನ್ನು ತಾನೇ ನಿಗದಿ ಮಾಡುತ್ತದೆ. 1983ರ ಕಾಯಿದೆಯ ಬಳಿಕ ಅದು ಒಳರೋಗಿಗಳ ವಿಷಯದಲ್ಲಿ, ಆಸ್ಪತ್ರೆಗೆ ಆದ ಖರ್ಚನ್ನು ತುಂಬಿಕೊಡುವ ಬದಲು, ರೋಗದ ವರ್ಗಕ್ಕೆ ಇಷ್ಟೆಂದು ಗಂಟುಮೊತ್ತ ಕೊಡುತ್ತದೆ. ರೋಗಿ ಬೇಗ ಗುಣಮುಖನಾದರೆ ಆಸ್ಪತ್ರೆಗೆ ಲಾಭ, ತಡವಾದರೆ ನಷ್ಟ. ರ‍್ಯಾಂಡ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಲ್ಲಿ ಮಾಲೀಕರು ಮತ್ತು ಖಾಸಗಿ ವಿಮಾದಾರರು ಆಸ್ಪತ್ರೆಗಳಿಗೆ ತೆತ್ತ ಬೆಲೆ, ಅದೇ ಸೇವೆಗಳಿಗೆ ಮೆಡಿಕೇರ್ ಕೊಡುತ್ತಿದ್ದುದರ ಶೇ. 254ರಷ್ಟಾಗಿತ್ತು.

ಯಾವ ಒಪ್ಪಂದವೂ ಇಲ್ಲದ, ವಿಮೆಯಿಲ್ಲದ ವ್ಯಕ್ತಿಯ ಪಾಡೇನು? ಅವನ ಹೆಸರಿಗೆ ಮೊದಲು ಬರುವುದು 3,000 ಡಾಲರಿನ ಬಿಲ್ಲು. 2023ರಲ್ಲಿ ಸುಮಾರು 2.6 ಕೋಟಿ ಅಮೆರಿಕನ್ನರಿಗೆ ವಿಮೆ ಇರಲಿಲ್ಲ. ಹೆಚ್ಚು ಕೊಳ್ಳುವವನಿಗೆ ಸಗಟು ದರ, ಒಬ್ಬಂಟಿಗೆ ಚಿಲ್ಲರೆ ದರ ಎಂಬುದು ಎಲ್ಲ ಪೇಟೆಗಳಲ್ಲಿಯೂ ಇದೆ. ಆದರೆ ಉಳಿದ ಪೇಟೆಗಳಲ್ಲಿ ದರ ಹೆಚ್ಚಾಯಿತೆಂದರೆ ಗಿರಾಕಿ ಎದ್ದು ಹೋಗಬಹುದು. ಎದೆನೋವಿನಿಂದ ಮಲಗಿದವನು ಹೋಗಲಾರ.

ಸಣ್ಣ ಉದ್ದಿಮೆದಾರನ ಸಂಕಟ

ಕೆ.ಎಫ್.ಎಫ್. ಸಂಸ್ಥೆಯ 2024ರ ಸಮೀಕ್ಷೆಯಂತೆ, ಉದ್ಯೋಗದ ಮೂಲಕ ದೊರೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 25,572 ಡಾಲರ್. ಇದರಲ್ಲಿ ನೌಕರನ ಪಾಲು 6,296 ಡಾಲರ್, ಉಳಿದುದು ಮಾಲೀಕನದು. ನಮ್ಮ ಇ.ಎಸ್.ಐ. ವಂತಿಗೆಯೊಡನೆ ಹೋಲಿಸಿದರೆ ಇದರ ಭಾರ ತಿಳಿಯುತ್ತದೆ. 2019ರ ಜುಲೈಯಲ್ಲಿ ಇ.ಎಸ್.ಐ. ವಂತಿಗೆಯನ್ನು ಮಾಲೀಕರಿಗೆ ವೇತನದ ಶೇ. 3.25ಕ್ಕೂ ನೌಕರರಿಗೆ ಶೇ. 0.75ಕ್ಕೂ ಇಳಿಸಲಾಯಿತು. ಅದು ವೇತನಕ್ಕೆ ತಕ್ಕಂತೆ ಏರಿಳಿಯುವ ವಂತಿಗೆ. ಅಮೆರಿಕದ ಕಂತು ಸಾಮಾನ್ಯವಾಗಿ ವೇತನವನ್ನು ನೋಡುವುದಿಲ್ಲ. ವ್ಯವಸ್ಥಾಪಕನಿಗೂ ಕಸ ಗುಡಿಸುವವನಿಗೂ ಒಂದೇ. ವರ್ಷಕ್ಕೆ 50,000 ಡಾಲರ್ ಸಂಬಳದ ಕೆಲಸಗಾರನ ಕುಟುಂಬಕ್ಕೆ ಈ ಸರಾಸರಿ ಕಂತೆಂದರೆ ಸಂಬಳದ ಅರ್ಧಕ್ಕೂ ಮಿಗಿಲು.

ದೊಡ್ಡ ಕಂಪನಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ವಿಮೆಯನ್ನು ಕೊಳ್ಳದೆ, ನೌಕರರ ಚಿಕಿತ್ಸಾ ವೆಚ್ಚವನ್ನು ತಮ್ಮ ಬೊಕ್ಕಸದಿಂದಲೇ ಭರಿಸಿ, ಕ್ಲೇಮುಗಳ ವಿಲೇವಾರಿಗೆ ಮಾತ್ರ ವಿಮಾ ಕಂಪನಿಗೆ ಕೂಲಿ ಕೊಡುತ್ತವೆ. ಇಂತಹ ಯೋಜನೆಗಳನ್ನು 1974ರ ಎರಿಸ ಕಾಯಿದೆ ರಾಜ್ಯಗಳ ವಿಮಾ ನಿಯಮಗಳಿಂದ ಬಹುಪಾಲು ಮುಕ್ತಗೊಳಿಸಿತು. ಉದ್ಯೋಗದ ಮೂಲಕ ವಿಮೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಬಗೆಯ ಯೋಜನೆಗಳಲ್ಲಿದ್ದಾರೆ. ಹತ್ತು ಸಾವಿರ ನೌಕರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದರೆ ಕಂಪನಿ ತಾಳಿಕೊಳ್ಳುತ್ತದೆ. ಹನ್ನೆರಡು ಜನರ ಲೇತ್ ಕಾರ್ಖಾನೆಗೆ ಆ ಶಕ್ತಿಯೆಲ್ಲಿ?

ಹಿಂದೆ ಇಂತಹ ಒಬ್ಬ ರೋಗಿಯಿಂದ ಇಡೀ ಸಣ್ಣ ಸಂಸ್ಥೆಯ ಕಂತು ಮರುವರ್ಷ ಜಿಗಿಯುತ್ತಿತ್ತು. 2014ರಿಂದ ಜಾರಿಯಾದ ನಿಯಮಗಳಂತೆ ಸಣ್ಣ ಸಂಸ್ಥೆಗಳಿಗೆ ವಿಮೆ ಮಾರುವವರು ನೌಕರರ ಕಾಯಿಲೆಯನ್ನು ನೋಡಿ ದರ ಏರಿಸುವಂತಿಲ್ಲ. ವಯಸ್ಸು, ಊರು, ಕುಟುಂಬದ ಗಾತ್ರ, ತಂಬಾಕು ಸೇವನೆಗಳನ್ನು ಮಾತ್ರ ಪರಿಗಣಿಸಬಹುದು. ಇದು ದೊಡ್ಡ ಪರಿಹಾರವೇ ಸರಿ. ಐವತ್ತಕ್ಕಿಂತ ಕಡಿಮೆ ಪೂರ್ಣಾವಧಿ ನೌಕರರಿರುವ ಸಂಸ್ಥೆಗಳಿಗೆ ವಿಮೆ ಒದಗಿಸುವ ಕಡ್ಡಾಯವೂ ಇಲ್ಲ. ಆದರೆ ವಿಮೆ ಕೊಡದ ಕಡೆ ನುರಿತ ಕೆಲಸಗಾರ ನಿಲ್ಲುವುದಿಲ್ಲ. ಕೊಡುವ ಸಣ್ಣ ಸಂಸ್ಥೆಗಳಲ್ಲಿ ನೌಕರನ ಡಿಡಕ್ಟಿಬಲ್ 2024ರಲ್ಲಿ ಸರಾಸರಿ 2,500 ಡಾಲರಿಗೂ ಮಿಗಿಲಾಗಿತ್ತು. ದೊಡ್ಡ ಸಂಸ್ಥೆಗಳಲ್ಲಿ ಅದು ಸುಮಾರು 1,500. ಕೆಲಸ ಬಿಟ್ಟರೆ ವಿಮೆಯೂ ಹೋಗುತ್ತದೆ. ಇಪ್ಪತ್ತು ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಯನ್ನು ಬಿಟ್ಟವನು ಸಾಮಾನ್ಯವಾಗಿ 18 ತಿಂಗಳವರೆಗೆ ಅದೇ ವಿಮೆಯನ್ನು ಮುಂದುವರಿಸಬಹುದಾದರೂ, ಮಾಲೀಕನ ಪಾಲನ್ನೂ ಸೇರಿಸಿ ಪೂರ್ತಿ ಕಂತನ್ನು ತಾನೇ ಕಟ್ಟಬೇಕಾಗುತ್ತದೆ.

ನಮ್ಮ ಸದಸ್ಯರು ಗಮನಿಸಬೇಕಾದ ಅಂಶಗಳು

ವ್ಯಾಪಾರಕ್ಕಾಗಿ ಅಮೆರಿಕಕ್ಕೆ ಹೋಗುವವರು ಮೇಲಿನ ಉದಾಹರಣೆಯ ಕೊನೆಯ ವ್ಯಕ್ತಿಯ ಸ್ಥಾನದಲ್ಲಿ ನಿಲ್ಲುತ್ತಾರೆಂಬುದನ್ನು ಮರೆಯಬಾರದು. ಅವರಿಗೆ ಅಲ್ಲಿ ಮಾಲೀಕನೂ ಇಲ್ಲ, ಒಪ್ಪಂದದ ದರವೂ ಇಲ್ಲ. ವ್ಯಾಪಾರ ಭೇಟಿಯ ವೀಸಾಕ್ಕೆ ಆರೋಗ್ಯ ವಿಮೆ ಕಡ್ಡಾಯವಲ್ಲದಿರುವುದರಿಂದ ಇದನ್ನು ಅಲಕ್ಷಿಸುವವರುಂಟು.

1. ಪ್ರವಾಸ ವಿಮೆಯ ಪಾಲಿಸಿಯಲ್ಲಿ ಒಟ್ಟು ಮೊತ್ತವನ್ನಷ್ಟೇ ನೋಡದೆ, ಕೊಠಡಿ, ಶಸ್ತ್ರಚಿಕಿತ್ಸೆ ಮುಂತಾದ ಬಾಬುಗಳಿಗೆ ಪ್ರತ್ಯೇಕ ಮಿತಿಗಳಿವೆಯೇ ಎಂದು ಪರಿಶೀಲಿಸಬೇಕು. ಒಟ್ಟು ಮೊತ್ತ ದೊಡ್ಡದಿದ್ದು ಒಳಮಿತಿಗಳು ಸಣ್ಣದಾಗಿದ್ದರೆ ಪ್ರಯೋಜನವಿಲ್ಲ.

2. ಮಧುಮೇಹ, ರಕ್ತದೊತ್ತಡ ಮೊದಲಾದ ಹಿಂದಿನಿಂದ ಇರುವ ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಕ್ಲೇಮು ಬಂದಾಗ ಮೊದಲು ತೆರೆಯುವ ಕಡತ ಅದೇ.

3. 1986ರ ಕಾಯಿದೆಯಂತೆ, ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಗಳ ತುರ್ತು ವಿಭಾಗವು ಹಣವಿಲ್ಲವೆಂಬ ಕಾರಣಕ್ಕೆ ಯಾರನ್ನೂ ತಪಾಸಣೆಯಿಲ್ಲದೆ ಹಿಂದೆ ಕಳುಹಿಸುವಂತಿಲ್ಲ. ರೋಗಿಯನ್ನು ಸ್ಥಿರಸ್ಥಿತಿಗೆ ತರಲೇಬೇಕು. ಇದು ವಿದೇಶೀಯರಿಗೂ ಅನ್ವಯಿಸುತ್ತದೆ. ಆದರೆ ಚಿಕಿತ್ಸೆ ಉಚಿತವಲ್ಲ. ಬಿಲ್ಲು ಬಂದೇ ಬರುತ್ತದೆ.

4. ಆಸ್ಪತ್ರೆಯ ಬಿಲ್ಲೊಂದೇ ಬರುವುದಿಲ್ಲ. ತುರ್ತು ವೈದ್ಯರು, ಎಕ್ಸ್-ರೇ ಪರಿಶೀಲಿಸಿದವರು, ಪ್ರಯೋಗಾಲಯ, ಆಂಬ್ಯುಲೆನ್ಸ್ ಇವರೆಲ್ಲರ ಬಿಲ್ಲುಗಳು ಬೇರೆಬೇರೆಯಾಗಿ, ತಿಂಗಳುಗಳ ಅನಂತರವೂ ಬರಬಹುದು. ಒಪ್ಪಂದದ ಹೊರಗಿನ ವೈದ್ಯರ ಅನಿರೀಕ್ಷಿತ ಬಿಲ್ಲುಗಳನ್ನು ತಡೆಯಲು 2022ರ ಜನವರಿಯಿಂದ ಜಾರಿಯಾದ ಕಾಯಿದೆಯನ್ನು ಪ್ರವಾಸ ವಿಮೆಯವರು ನೆಚ್ಚಿಕೊಳ್ಳಲಾಗದು. ರಸ್ತೆ ಆಂಬ್ಯುಲೆನ್ಸ್ ಅದರ ವ್ಯಾಪ್ತಿಯಲ್ಲಿಯೇ ಇಲ್ಲ.

5. ಬಾಬುವಾರು ವಿವರವಿರುವ ಬಿಲ್ಲನ್ನು ಕೇಳಿ ಪಡೆಯಬೇಕು. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ನೀತಿಯನ್ನು ಹೊಂದಿರಬೇಕೆಂಬ ಕಾನೂನು ಅಲ್ಲಿದೆ. ಸ್ವಂತ ಹಣದಿಂದ ಪಾವತಿ ಮಾಡುವವರು ದರ ಇಳಿಸುವಂತೆ ಕೇಳುವುದು ಅಲ್ಲಿ ಅಗೌರವವಲ್ಲ, ರೂಢಿ.

6. ಮೊದಲೇ ಗೊತ್ತುಪಡಿಸಿದ ಚಿಕಿತ್ಸೆಯಾದರೆ, ವಿಮೆಯಿಲ್ಲದವರಿಗೆ ಅಂದಾಜು ವೆಚ್ಚವನ್ನು ಬರಹದಲ್ಲಿ ಕೊಡಬೇಕು. ಬಿಲ್ಲು ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚಾದರೆ ತಕರಾರು ಸಲ್ಲಿಸಬಹುದು.

2021ರ ಜನವರಿಯಿಂದ ಅಮೆರಿಕದ ಆಸ್ಪತ್ರೆಗಳು ಕಂಪನಿವಾರು ಒಪ್ಪಂದದ ದರಗಳನ್ನು ಬಹಿರಂಗಪಡಿಸಬೇಕೆಂಬ ನಿಯಮ ಬಂದಿದೆ. ಗುಟ್ಟಾಗಿದ್ದ ಬೆಲೆಗಳು ಹೊರಬಿದ್ದು, ಒಂದೇ ಆಸ್ಪತ್ರೆಯಲ್ಲಿ ಒಂದೇ ಸೇವೆಗೆ ಎಷ್ಟೊಂದು ದರಗಳಿವೆಯೆಂಬುದು ಜನರಿಗೆ ಗೋಚರವಾಗುತ್ತಿದೆ. ಬೆಲೆ ತಿಳಿದ ಮಾತ್ರಕ್ಕೆ ಕುದುರಿಸುವ ಬಲ ಬಾರದು. ಅಲ್ಲಿ ಕಡಿಮೆ ದರ ಸಲ್ಲುತ್ತಿರುವುದು ಹೆಚ್ಚು ಜನರನ್ನು ಒಟ್ಟುಗೂಡಿಸಿ ತಂದವರಿಗೆ. ಬಿಡಿಬಿಡಿಯಾಗಿ ಪ್ರವಾಸ ವಿಮೆ ಕೊಳ್ಳುವ ನಮ್ಮ ಸದಸ್ಯರೂ, ಪ್ರದರ್ಶನಗಳಿಗೆ ನಿಯೋಗ ಹೊರಡುವಾಗ ಒಟ್ಟಾಗಿ ವಿಮಾ ಕಂಪನಿಗಳ ಮುಂದೆ ಕುಳಿತು ದರವನ್ನೂ ಷರತ್ತುಗಳನ್ನೂ ಚರ್ಚಿಸುವುದು ಲೇಸು.