ನಮ್ಮ ಬೀದಿಯೇ ನನ್ನ ಡಿಸೈನ್ ಕ್ಲಾಸು

'ವೆಬ್ ಡಿಸೈನರ್' ಅಂದರೆ ನಮ್ಮ ತಿಪಟೂರಿನ ಕಡೆ ಇವತ್ತಿಗೂ ಎದುರಾಗುವ ಪ್ರಶ್ನೆ, 'ಅಂದ್ರೆ ಕಂಪ್ಯೂಟರ್ ರಿಪೇರಿನಾ?' ಬೆಂಗಳೂರಿನವರ ಪ್ರಶ್ನೆ ಸ್ವಲ್ಪ ಬೇರೆ. 'ಓ, ಬಣ್ಣ ಗಿಣ್ಣ ಹಾಕೋದಾ?' ಎರಡಕ್ಕೂ ನಗುತ್ತೇನೆ. ನಿಜ ಹೇಳಬೇಕೆಂದರೆ ಬಣ್ಣ ನನ್ನ ಕೆಲಸದ ಕೊನೆಯ ಪಾಲು. ಒಬ್ಬ ಮನುಷ್ಯ ಒಂದು ಪುಟ ತೆರೆದಾಗ ಮೊದಲು ಏನು ಕಾಣಬೇಕು, ಎಷ್ಟು ಒತ್ತಿಗೆ ಅವನ ಕೆಲಸ ಮುಗಿಯಬೇಕು, ಎಲ್ಲಿ ಅವನು ಗಾಬರಿ ಬೀಳಬಹುದು ಎಂದು ಮೊದಲೇ ಯೋಚಿಸುವುದೇ ನನ್ನ ಸಂಬಳದ ಕೆಲಸ.

ಹಾಗೆ ಯೋಚಿಸಬೇಕಾದರೆ ಆ ಮನುಷ್ಯ ಯಾರೆಂದು ಗೊತ್ತಿರಬೇಕಲ್ಲ? ಈ ವೃತ್ತಿಯ ದೊಡ್ಡ ತೊಡಕು ಇರುವುದೇ ಇಲ್ಲಿ. ನಮ್ಮಂಥ ಆಫೀಸುಗಳಲ್ಲಿ ಕುಳಿತವರೆಲ್ಲ ಇಪ್ಪತ್ತೈದು–ಮೂವತ್ತರ ಆಸುಪಾಸಿನವರು. ಎಲ್ಲರ ಕಣ್ಣೂ ಚೆನ್ನಾಗಿದೆ, ಫೋನು ಹೊಸದು, ವೈಫೈ ಜೋರು, ಇಂಗ್ಲಿಷ್ ಸಲೀಸು. ರೂಮಿನಿಂದ ಆಫೀಸು, ಆಫೀಸಿನಿಂದ ರೂಮು ಎಂದು ಬದುಕಿದರೆ ಇಡೀ ಊರೇ ನಮ್ಮ ಹಾಗಿದೆ ಎಂದು ಅನಿಸತೊಡಗುತ್ತದೆ. ಆ ಭ್ರಮೆ ಬಿಡಿಸುವ ಶಕ್ತಿ ಯಾವ ಸಾಫ್ಟ್‌ವೇರಿಗೂ ಇಲ್ಲ. ನನ್ನ ಮಟ್ಟಿಗೆ ಆ ಕೆಲಸ ಮಾಡಿದ್ದು ನಾನು ಬಾಡಿಗೆಗಿರುವ ಹನುಮಂತನಗರದ ಬೀದಿ.

ಮೂರಂತಸ್ತಿನ ಕಟ್ಟಡ, ಎಲ್ಲರಿಗೂ ಸೇರಿ ಒಂದೇ ನೀರಿನ ಮೋಟಾರು. ನಮ್ಮ ಪರಿಚಯಗಳೆಲ್ಲ ಶುರುವಾಗಿದ್ದು 'ಮೋಟಾರ್ ಆಫ್ ಮಾಡಿದ್ರಾ?' ಎಂಬ ಒಂದೇ ಮಾತಿನಿಂದ. ಕೆಳಗಿನ ಮನೆಯಲ್ಲಿ ಬ್ಲೌಸ್ ಹೊಲಿಯುವ ಆಂಟಿ. ಎದುರುಮನೆಯಲ್ಲಿ ಗ್ಯಾರೇಜ್ ಕೆಲಸದಿಂದ ನಿವೃತ್ತರಾದ ಅಂಕಲ್. ಮೇಲೆ ಕಲಬುರಗಿಯಿಂದ ನರ್ಸಿಂಗ್ ಓದಲು ಬಂದ ಇಬ್ಬರು ಹುಡುಗಿಯರು. ಪಾರ್ಕಿಂಗಿಗೆ ಜಗಳವಾಗುತ್ತದೆ, ನವೆಂಬರಿನಲ್ಲಿ ಬಾವುಟ ಕಟ್ಟಲು ಅದೇ ಜನ ಏಣಿ ಹಿಡಿಯುತ್ತಾರೆ.

ಹೋದ ವರ್ಷ ಅಂಕಲ್‌ಗೆ ಕಣ್ಣಿನ ಪೊರೆ ತೋರಿಸಬೇಕಿತ್ತು. ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿದರೆ 'ಆನ್‌ಲೈನ್‌ನಲ್ಲಿ ಬುಕ್ ಮಾಡಿ' ಎಂದರಂತೆ. ಎರಡು ದಿನ ತಾವೇ ಒದ್ದಾಡಿ ಕೊನೆಗೆ ಫೋನ್ ಹಿಡಿದು ನಮ್ಮ ಮನೆಗೆ ಬಂದರು. ಬಿಳಿ ಪುಟದ ಮೇಲೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರ, ಎಲ್ಲವೂ ಇಂಗ್ಲಿಷಿನಲ್ಲಿ. ಒಟಿಪಿ ಬಂದಾಗ ಅವರು ಕನ್ನಡಕ ಹುಡುಕಿ, ಮೆಸೇಜ್ ತೆರೆದು, ಮತ್ತೆ ಪುಟಕ್ಕೆ ಬರುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತಿತ್ತು. 'ಇದನ್ನ ಓದೋಷ್ಟು ಕಣ್ಣು ಕಾಣ್ಸಿದ್ರೆ ಈ ಆಸ್ಪತ್ರೆ ಯಾಕಮ್ಮ ಬೇಕಿತ್ತು ನಂಗೆ?' ಅಂದರು. ಡಿಸೈನ್ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ವಿಮರ್ಶೆ ಇದು.

ಇದಕ್ಕೆಲ್ಲ ನಿಯಮಗಳಿಲ್ಲ ಎಂದಲ್ಲ. ವೆಬ್‌ನ ಮಾನದಂಡ ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2008ರಲ್ಲೇ ಹೊರತಂದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5:1 ಪ್ರಮಾಣದ ವ್ಯತ್ಯಾಸ ಇರಬೇಕು. ಉಚಿತವಾಗಿ ಸಿಗುವ ಟೂಲ್‌ನಲ್ಲಿ ಎರಡು ಬಣ್ಣದ ಸಂಖ್ಯೆ ಹಾಕಿದರೆ ಪಾಸೋ ಫೇಲೋ ಕ್ಷಣದಲ್ಲಿ ಗೊತ್ತಾಗುತ್ತದೆ. ಮಾಹಿತಿಯನ್ನು ಬರೀ ಬಣ್ಣದಿಂದ ಹೇಳಬೇಡಿ ಎಂದೂ ಅದು ಹೇಳುತ್ತದೆ. ನಮ್ಮ ಮೆಟ್ರೊದಲ್ಲಿ ನೇರಳೆ, ಹಸಿರು ಎಂದು ಬಣ್ಣ ಬಳಿಯುವುದರ ಜತೆ ಮಾರ್ಗದ ಹೆಸರನ್ನೂ ಬರೆದರೆ, ಬಣ್ಣ ಗುರುತಿಸಲಾಗದವರೂ ದಾರಿ ತಪ್ಪುವುದಿಲ್ಲ. ನಿಯಮ ಕಾಗದದಲ್ಲಿರುತ್ತದೆ. ಅದು ಯಾರಿಗಾಗಿ ಎಂಬುದು ಮಾತ್ರ ಎದುರುಮನೆಯವರು ಬಾಗಿಲು ತಟ್ಟಿದಾಗ ಅರ್ಥವಾಗುತ್ತದೆ.

ಆಮೇಲಿಂದ ಒಂದು ಅಭ್ಯಾಸ ಶುರು ಮಾಡಿದೆ. ಹೊಸ ಪುಟದ ಮಾದರಿ ಸಿದ್ಧವಾದಾಗ, ತೋರಿಸಲು ಅಭ್ಯಂತರ ಇಲ್ಲದಂಥದ್ದಾದರೆ, ಭಾನುವಾರ ಸಂಜೆ ಮೆಟ್ಟಿಲ ಮೇಲೆ ಕೂತು ಅಕ್ಕಪಕ್ಕದವರ ಕೈಗೆ ಫೋನ್ ಕೊಡುತ್ತೇನೆ. ಬಳಕೆಯ ಪರೀಕ್ಷೆಗೆ ಐದು ಜನ ಸಿಕ್ಕರೆ ಹೆಚ್ಚಿನ ದೋಷಗಳು ಬಯಲಾಗುತ್ತವೆ ಎಂದು ಈ ಕ್ಷೇತ್ರದ ಪರಿಣತ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ನಮ್ಮ ಕಟ್ಟಡದಲ್ಲೇ ಐದು ಜನ ಇದ್ದಾರೆ! ಷರತ್ತು ಒಂದೇ: ನಾನು ಬಾಯಿ ಬಿಡುವಂತಿಲ್ಲ, ಸುಮ್ಮನೆ ನೋಡಬೇಕು.

ಮೂಲೆಯಲ್ಲಿರುವ ಮೂರು ಅಡ್ಡಗೆರೆ ಅಂದರೆ ಮೆನು ಎಂದು ನಮಗೆ ಗೊತ್ತು. ಆಂಟಿಗೆ ಅದು ಬರೀ ಅಲಂಕಾರ. ಖಾಲಿ ಚೌಕದೊಳಗೇ 'ನಿಮ್ಮ ಹೆಸರು' ಎಂದು ಮಸುಕಾಗಿ ಬರೆದರೆ, ಟೈಪ್ ಶುರುವಾದ ಕೂಡಲೇ ಅದು ಮಾಯ. ಅಂಕಲ್ 'ಇಲ್ಲಿ ಏನು ಕೇಳಿದ್ರು?' ಎಂದು ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡುತ್ತಾರೆ. ಕನ್ನಡದ್ದೇ ಬೇರೆ ಪಾಠ. ಇಂಗ್ಲಿಷಿಗೆ ಅಳೆದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 'ಬುಕ್' ಎಂಬ ಪುಟ್ಟ ಬಟನ್ನಿನಲ್ಲಿ 'ಸಮಯ ಕಾಯ್ದಿರಿಸಿ' ಹಿಡಿಸುವುದಿಲ್ಲ. ಕನ್ನಡವನ್ನು ಕೊನೆಗೆ ತುಂಬುವ ಬದಲು ಮೊದಲೇ ಜಾಗ ಬಿಡಬೇಕು.

ಒಳ್ಳೆಯ ಮಾದರಿ ನೋಡಲು ವಿದೇಶದ ಪುಸ್ತಕವೇ ಬೇಕಾಗಿಲ್ಲ. ಯಾವುದಾದರೂ ದರ್ಶಿನಿಗೆ ಹೋಗಿ ನಿಂತು ನೋಡಿ. ಒಳಗೆ ಕಾಲಿಟ್ಟ ಕೂಡಲೇ ದೊಡ್ಡ ಅಕ್ಷರದ ಬೆಲೆಪಟ್ಟಿ, ಪಕ್ಕದಲ್ಲೇ ಟೋಕನ್ ಕೌಂಟರ್, ಎದುರಿಗೆ ಇಡ್ಲಿ ಕೊಡುವ ಜಾಗ, ಆಚೆಗೆ ಕಾಫಿ, ಕೈತೊಳೆಯಲು ನಲ್ಲಿ. ಹೊಸಬರೂ ಯಾರನ್ನೂ ಕೇಳದೆ ಹತ್ತು ನಿಮಿಷದಲ್ಲಿ ತಿಂದು ಹೊರಬರುತ್ತಾರೆ. ಅರ್ಥವಾಗದಿದ್ದರೆ 'ಸಾರ್, ಟೋಕನ್ ಅಲ್ಲಿ' ಎಂದು ಪಕ್ಕದವರೇ ಹೇಳುತ್ತಾರೆ. ಪುಟದ ಮುಂದೆ ಒಬ್ಬರೇ ಕೂತವರಿಗೆ ಹಾಗೆ ಹೇಳಲು ಯಾರೂ ಇರುವುದಿಲ್ಲ. ಆ ಪಕ್ಕದವರ ಕೆಲಸವನ್ನು ನಾವು ಮಾಡಬೇಕು.

ಆಫೀಸಿನಲ್ಲಿ ಇದನ್ನು ಒಪ್ಪಿಸುವುದು ಸುಲಭವಲ್ಲ. ಈಚೆಗೆ ಒಂದು ಸಣ್ಣ ಕ್ಲಿನಿಕ್‌ನ ಕೆಲಸ ಬಂದಿತ್ತು. 'ಕನ್ನಡ ಆಮೇಲೆ ನೋಡೋಣ, ಮೊದಲು ಲಾಂಚ್ ಆಗಲಿ' ಎಂದರು. ವಾದ ಮಾಡುವ ಬದಲು, ಆಂಟಿಯ ಒಪ್ಪಿಗೆ ಪಡೆದು ಮಾಡಿಕೊಂಡಿದ್ದ ಒಂದು ನಿಮಿಷದ ವಿಡಿಯೊ ತೋರಿಸಿದೆ. ದಿನಾ ಸೂಜಿಗೆ ದಾರ ಪೋಣಿಸುವ ಆ ಕೈ ಪರದೆಯ ಮೇಲೆ ಏಳು ಸಲ ತಪ್ಪು ಜಾಗ ಒತ್ತುತ್ತದೆ. ಮೀಟಿಂಗ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅಕ್ಷರ ದೊಡ್ಡದಾಯಿತು, ಫೋನ್ ನಂಬರ್ ಮೇಲೆ ಬಂತು, ಬುಕಿಂಗ್ ಪುಟ ಕನ್ನಡದಲ್ಲೂ ಆಯಿತು. ಉಳಿದ ಪುಟಗಳು ಇನ್ನೂ ಇಂಗ್ಲಿಷಿನಲ್ಲೇ ಇವೆ. ಪೂರ್ತಿ ಗೆಲುವಲ್ಲ, ಆದರೂ ಆ ಪುಟದಲ್ಲಿ ಯಾರೋ ಒಬ್ಬರು ಮಗನಿಗಾಗಿ ಕಾಯದೆ ತಾವೇ ಸಮಯ ಕಾಯ್ದಿರಿಸುತ್ತಾರೆ.

ನೆರೆಹೊರೆ ಅಂದರೆ ನನ್ನ ಪ್ರಯೋಗಶಾಲೆ ಎಂದುಕೊಳ್ಳಬೇಡಿ. ಕೊಡು–ಕೊಳ್ಳುವುದು ಎರಡೂ ಇದೆ. ನನಗೆ ಡೆಂಗಿ ಬಂದಾಗ ಎಂಟು ದಿನ ಗಂಜಿ ಕೊಟ್ಟವರು ಆಂಟಿ. ಅವರ ಅಂಗಡಿಯ ದರಪಟ್ಟಿ, ಬೀದಿಯ ರಾಜ್ಯೋತ್ಸವದ ಪೋಸ್ಟರು ನನ್ನವು. ಆದರೆ ಈ ನಗರದಲ್ಲಿ ನೆಂಟಸ್ತಿಕೆಗೂ ಹನ್ನೊಂದು ತಿಂಗಳ ಅಗ್ರಿಮೆಂಟು. ಮುಂದಿನ ಸಲ ಮಾಲೀಕರು ಬಾಡಿಗೆ ಏರಿಸಿದರೆ ನಾನು ಇನ್ನೊಂದು ಬಡಾವಣೆಗೆ ಹೋಗಬೇಕಾಗಬಹುದು. ಹೋದರೆ ಅಲ್ಲೂ ಮೋಟಾರ್ ಸ್ವಿಚ್ಚಿನಿಂದಲೇ ಮಾತು ಶುರು ಮಾಡಬೇಕು.

ಈ ಕ್ಷೇತ್ರಕ್ಕೆ ಬರುವ ತಯಾರಿಯಲ್ಲಿರುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಇವತ್ತು ಚೆಂದದ ಪುಟವನ್ನು ಎಐ ನಿಮಿಷಗಳಲ್ಲಿ ಮಾಡಿಕೊಡುತ್ತದೆ. ಹಾಗಾಗಿ ಪೋರ್ಟ್‌ಫೋಲಿಯೊದಲ್ಲಿ ದೊಡ್ಡ ಬ್ರ್ಯಾಂಡುಗಳ ಕಾಲ್ಪನಿಕ ಹೊಸ ರೂಪ ಹತ್ತು ಇಡುವ ಬದಲು, ನಿಮ್ಮ ಬೀದಿಯ ಹೂವಿನವರಿಗೋ, ಟ್ಯೂಷನ್ ಟೀಚರಿಗೋ ಒಂದು ಪುಟ ಮಾಡಿ. ಐದು ಜನರ ಕೈಗೆ ಕೊಡಿ, ಎಲ್ಲಿ ಎಡವಿದರು ಎಂದು ಬರೆದಿಡಿ, ಸರಿಪಡಿಸಿ ಮತ್ತೆ ಕೊಡಿ. ಇಂಟರ್‌ವ್ಯೂನಲ್ಲಿ 'ಇದನ್ನು ಯಾಕೆ ಹೀಗೆ ಮಾಡಿದಿರಿ?' ಎಂದು ಕೇಳಿದಾಗ ಹೇಳಲು ನಿಮ್ಮ ಬಳಿ ಒಬ್ಬ ನಿಜವಾದ ಮನುಷ್ಯನ ಕಾರಣ ಇರುತ್ತದೆ.