ಕಾರ್ಖಾನೆಯ ಅಲಗು, ಊರಿನ ಹಲಗೆ

ಹೈದರಾಬಾದಿಗೆ ಬಂದು ಹನ್ನೊಂದು ವರ್ಷ. ಮಿಕ್ಸಿ, ಚಾಪರ್, ಪೀಲರ್ ಎಲ್ಲವೂ ಮನೆಯಲ್ಲಿವೆ. ಕಳೆದ ವರ್ಷ ಸಾಗರದಿಂದ ನಮ್ಮ ಜತೆ ಇರಲು ಬಂದ ಅಮ್ಮ ಕೇಳಿದ್ದು ಒಂದೇ: ‘ಈಳಿಗೆಮಣೆ ಎಲ್ಲಿ?’ ಚಾಕುವಿನಲ್ಲಿ ಬಾಳೆಕಾಯಿ ಹೆಚ್ಚಲು ಹೋಗಿ ಎರಡನೇ ದಿನವೇ ಬೆರಳು ಕೊಯ್ದುಕೊಂಡರು. ಐವತ್ತು ವರ್ಷ ತರಕಾರಿಯನ್ನು ಅಲಗಿನತ್ತ ಒಯ್ದ ಕೈ ಅದು. ಅಲಗನ್ನೇ ತರಕಾರಿಯತ್ತ ಒಯ್ಯುವುದು ಅದಕ್ಕೆ ಬರುವುದಿಲ್ಲ. ಆಮೇಲೆ ಅಮ್ಮ ಅಡುಗೆಮನೆಗೆ ಬರುವುದೇ ಕಡಿಮೆಯಾಯಿತು.

ಒಂದು ಶನಿವಾರ ಬೇಗಂ ಬಜಾರಿಗೆ ಹೋದೆ. ಪಾತ್ರೆ ಅಂಗಡಿಯಲ್ಲಿ ‘ಕತ್ತಿಪೀಟ’ ಎಂದ ಕೂಡಲೇ ನಾಲ್ಕು ನಮೂನೆ ಎದುರಿಗೆ ಬಂದವು. ಒಂದು ಕಾಲದಲ್ಲಿ ಇದೇ ತೆಲಂಗಾಣದ ಕೋನಸಮುದ್ರಂನ ಮೂಸೆ ಉಕ್ಕಿಗಾಗಿ ಪರ್ಷಿಯಾದಿಂದ ವ್ಯಾಪಾರಿಗಳು ಬರುತ್ತಿದ್ದರು. ನನಗೆ ಸಿಕ್ಕಿದ್ದು ತಗಡಿನ ಪೀಠದ ಮೇಲೆ ಮಡಚುವ ಸ್ಟೀಲ್ ಅಲಗು. ಮನೆಗೆ ತಂದು ಕುಂಬಳಕಾಯಿ ಇಟ್ಟರೆ ಅಲಗು ಅಲ್ಲಾಡಿತು, ಪೀಠ ಜಾರಿತು.

ಕಾಲೊನಿಗೆ ಬರುವ ಸಾಣೆಯವನಿಗೆ ಕೊಟ್ಟಿದ್ದು ನನ್ನ ತಪ್ಪು. ಚಕ್ರಕ್ಕೆ ಒತ್ತಿ ಹಿಡಿದಾಗ ತುದಿ ನೀಲಿ ಬಣ್ಣಕ್ಕೆ ತಿರುಗಿತು. ನೀಲಿಯಾಯಿತೆಂದರೆ ಉಕ್ಕು ಸುಮಾರು 300 ಡಿಗ್ರಿ ಕಾದು, ಹದ ಕಳೆದುಕೊಂಡು ಮೆತ್ತಗಾಗಿದೆ ಎಂದರ್ಥ. ಎಷ್ಟು ಮಸೆದರೂ ಎರಡು ದಿನಕ್ಕೆ ಮತ್ತೆ ಮೊಂಡು. ಇನ್ನೊಂದು ಕೊಂಡೆ. ಈ ಬಾರಿ ಕೈಯಲ್ಲೇ ಮಾಡಿದೆ.

ಬಾಗಿದ ಅಲಗಿನ ಒಳಮೈಗೆ ಚಪ್ಪಟೆ ಸಾಣೆಕಲ್ಲು ತಾಗುವುದಿಲ್ಲ. ಹಳೆಯ ಲಟ್ಟಣಿಗೆಗೆ 400ರ ವಾಟರ್ ಪೇಪರ್ ಸುತ್ತಿ, ನೀರು ಮುಟ್ಟಿಸುತ್ತಾ, ಬೆನ್ನಿನಿಂದ ಅಂಚಿನ ಕಡೆಗೆ ಮಾತ್ರ ಎಳೆದೆ. ಅತ್ತಿಂದಿತ್ತ ಉಜ್ಜಿದರೆ ಕಾಗದವೂ ಹರಿಯುತ್ತದೆ, ಕೈಯೂ. ಕಾರ್ಖಾನೆಯವರು ಅಂಚನ್ನು ದಪ್ಪವಾಗಿಯೇ ಬಿಟ್ಟಿರುತ್ತಾರೆ; ಆ ಭುಜವನ್ನು ಇಳಿಸುವುದೇ ಮುಕ್ಕಾಲು ಕೆಲಸ. ಆಚೆ ಬದಿಯಲ್ಲಿ ಬೆರಳಿಗೆ ಸಣ್ಣ ಮುಳ್ಳಿನಂಥ ಅಂಚು ಸಿಕ್ಕಿದಾಗ ಬದಿ ಬದಲಿಸಬೇಕು. ಕೊನೆಗೆ 1000ರ ಕಾಗದ. ಟೊಮೆಟೊ ಸಿಪ್ಪೆ ಒತ್ತದೆಯೇ ಸೀಳಿದರೆ ಮುಗಿದಂತೆ.

ಹಲಗೆ ಊರಿನದು. ಅಜ್ಜಿಯ ಮೆಟ್ಟುಗತ್ತಿಯ ಅಲಗು ಮಸೆದು ಮಸೆದು ಕಡ್ಡಿಯಾಗಿ, ಎಂದೋ ಗುಜರಿಗೆ ಹೋಗಿತ್ತು. ಹಲಸಿನ ಮಣೆ ಮಾತ್ರ ಅಟ್ಟದ ಮೇಲೆ ಉಳಿದಿತ್ತು, ಕಾಲಿಡುವ ಜಾಗದಲ್ಲಿ ತಗ್ಗು ಬಿದ್ದು. ದೀಪಾವಳಿಗೆ ಹೋದಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದೆ. ತಗಡಿನ ಪೀಠ ಬಿಚ್ಚಿ, ಎರಡು ಬೋಲ್ಟ್, ಅಗಲದ ವಾಷರ್, ಲಾಕ್‌ನಟ್ ಹಾಕಿ ಹೊಸ ಅಲಗನ್ನು ಆ ಮಣೆಗೆ ಕೂರಿಸಿದೆ.

ಆದರೆ ಅಮ್ಮನ ಮಂಡಿ ಈಗ ನೆಲಕ್ಕೆ ಕೂರಲು ಬಿಡುವುದಿಲ್ಲ. ಮೇಜಿನ ಮೇಲಿಟ್ಟರೆ ಮೆಟ್ಟುವುದು ಹೇಗೆ? ಮೆಟ್ಟದಿದ್ದರೆ ಮಣೆ ಮುಗ್ಗರಿಸುತ್ತದೆ. ಬಡಗಿಗಳು ಬಳಸುವ ಎರಡು ಸಿ-ಕ್ಲಾಂಪ್ ಹಾಕಿ ಮೇಜಿಗೇ ಬಿಗಿದೆ, ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಮೇಜಿನ ಎತ್ತರಕ್ಕೆ ಅಲಗಿನ ತುದಿ ಕುಳಿತವರ ಎದೆಮಟ್ಟಕ್ಕೆ ಬರುತ್ತಿತ್ತು. ಹಾಗಾಗಿ ಮೇಜಿನ ಕಾಲನ್ನು ನಾಲ್ಕು ಇಂಚು ಕೊಯ್ದೆ. (ಹೆಂಡತಿ ಎರಡು ದಿನ ಮಾತಾಡಲಿಲ್ಲ.) ಕೆಲಸವಿಲ್ಲದಾಗ ಅಲಗು ಮಡಚಿ, ಸೀಳಿದ ಗಾರ್ಡನ್ ಪೈಪಿನ ತುಂಡು ತೊಡಿಸುತ್ತೇವೆ, ಮನೆಯಲ್ಲಿ ಆರು ವರ್ಷದ ಮಗನಿದ್ದಾನೆ.

ಅಮ್ಮ ಕುರ್ಚಿಯಲ್ಲಿ ಕೂತು ಮೊದಲು ಹೆಚ್ಚಿದ್ದು ಬಾಳೆಕಾಯಿ. ಮಣೆ ಮೇಲಿದ್ದರೂ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒತ್ತುತ್ತಲೇ ಇತ್ತು. ‘ಅಲಗು ಪರವಾಗಿಲ್ಲ. ಕಾಯಿ ತುರಿಯುವ ಹಲ್ಲು ಮಾತ್ರ ಏನಕ್ಕೂ ಬಾರದು’ ಎಂದರು. ಹೌದು, ಕರಟದ ಸಿಪ್ಪೆಯನ್ನೂ ಸೇರಿಸಿ ಕೆರೆಯುತ್ತದೆ. ಮುಂದಿನ ವಾರ ತ್ರಿಕೋನದ ಅರ ತರಬೇಕು.