ಆಟದ ಕಂಪ್ಯೂಟರು: ದುಡ್ಡು ಎಲ್ಲಿಗೆ ಹೋಗಬೇಕು?

ಮಿಕ್ಸಿಯನ್ನೋ ಟೀವಿಯನ್ನೋ ಕೊಳ್ಳುವಾಗ ಅಂಗಡಿಯವರು ಕೊಟ್ಟ ಪೆಟ್ಟಿಗೆಯನ್ನು ಹಾಗೆಯೇ ಮನೆಗೆ ತರುತ್ತೇವೆ. ಕಂಪ್ಯೂಟರಿನ ವಿಷಯ ಹಾಗಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅದರ ಒಂದೊಂದು ಭಾಗವೂ ಬಿಡಿಯಾಗಿ ಸಿಗುತ್ತದೆ. ಬೇಕಾದ್ದನ್ನು ಆರಿಸಿ ಜೋಡಿಸಿಕೊಳ್ಳಬಹುದು. ಹೊಸ ಆಟಗಳನ್ನು ಆಡಬೇಕೆನ್ನುವ ಹುಡುಗರು ಈ ದಾರಿಯನ್ನೇ ಹಿಡಿಯುತ್ತಾರೆ. ಹಣ ಹೊಂದಿಸುವುದು ಮಾತ್ರ ಅಪ್ಪಂದಿರ ಪಾಲಿಗೆ!

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಅಂಗಡಿಯ ಕೊಟೇಶನ್ ಹಿಡಿದು ಬಂದಿದ್ದರು. "ಚೀಟಿ ಎತ್ತಿದ ದುಡ್ಡು ಮೇಷ್ಟ್ರೇ, ಅರವತ್ತು ಸಾವಿರ. ಒಮ್ಮೆ ನೋಡಿಬಿಡಿ" ಎಂದರು. ಮಾನಿಟರ್ ಅವರ ಮನೆಯಲ್ಲಿ ಆಗಲೇ ಇತ್ತು. ಪಟ್ಟಿಯಲ್ಲಿ ದುಬಾರಿ ಪ್ರೊಸೆಸರ್ ಇತ್ತು, ಬಣ್ಣಬಣ್ಣದ ದೀಪ ಮಿನುಗುವ ಗಾಜಿನ ಕ್ಯಾಬಿನೆಟ್ ಇತ್ತು. ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಮದುವೆಗೆ ಚಪ್ಪರ, ದೀಪಾಲಂಕಾರ ಎಲ್ಲ ಮಾಡಿ ಅಡಿಗೆಯವರನ್ನು ಕರೆಯುವುದನ್ನೇ ಮರೆತ ಹಾಗೆ.

ಆಟಕ್ಕೆ ಈ ಕಾರ್ಡ್ ಏಕೆ ಬೇಕು? ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಆಟ ತಡವರಿಸದೆ ಸಾಗಲು ಸೆಕೆಂಡಿಗೆ 60 ಸಲವಾದರೂ ಚಿತ್ರ ಹೊಸದಾಗಿ ಮೂಡಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಪ್ರೊಸೆಸರಿನಲ್ಲಿ ಆರೆಂಟು ಜಾಣ ಕೈಗಳಿದ್ದರೆ, ಕಾರ್ಡಿನಲ್ಲಿ ಒಂದೇ ಬಗೆಯ ಲೆಕ್ಕವನ್ನು ಒಟ್ಟಿಗೆ ಮಾಡುವ ಸಾವಿರಾರು ಕೈಗಳಿವೆ. ಆರ್‌ಟಿಎಕ್ಸ್ 4060 ಎಂಬ ಕಾರ್ಡಿನಲ್ಲಿ ಇಂಥವು 3072. ಹೀಗಾಗಿ ಆಟಕ್ಕೆಂದೇ ಕೊಳ್ಳುವ ಯಂತ್ರದಲ್ಲಿ ಒಟ್ಟು ಹಣದ ಮೂರನೇ ಒಂದು ಪಾಲಾದರೂ ಕಾರ್ಡಿಗೆ ಹೋಗಬೇಕೆಂಬುದು ನನ್ನ ಲೆಕ್ಕ. 4ಕೆ ಪರದೆಯ ಆಸೆ ಸದ್ಯಕ್ಕೆ ಬೇಡ. ಅಲ್ಲಿ ಚುಕ್ಕಿಗಳು ನಾಲ್ಕು ಪಟ್ಟು.

ಪ್ರೊಸೆಸರ್ ಆರು ಕೋರಿನದಾದರೆ ಸಾಕು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಇದ್ದರೆ ಚಿತ್ರ ಮೂಡಿಸುವ ಭಾಗ ಅದರೊಳಗಿಲ್ಲವೆಂದು ಅರ್ಥ. ಕಾರ್ಡನ್ನು ಆಮೇಲೆ ಕೊಂಡರಾಯಿತು ಎಂದುಕೊಂಡರೆ ಅಲ್ಲಿಯವರೆಗೆ ಪರದೆಯಲ್ಲಿ ಬರೀ ಕತ್ತಲೆ. ರ‍್ಯಾಮ್ ಮದರ್‌ಬೋರ್ಡಿಗೆ ಹೊಂದಬೇಕು: ಎಎಂಡಿಯ ಎಎಂ4 ಬೋರ್ಡಿಗೆ ಡಿಡಿಆರ್4, 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5. ಒಂದರದು ಇನ್ನೊಂದರಲ್ಲಿ ಕೂರುವುದೇ ಇಲ್ಲ. 16 ಜಿಬಿ ಬೇಕಾದರೆ ಒಂದೇ ಸ್ಟಿಕ್ ಬದಲು 8ರ ಎರಡು ಹಾಕಿಸಿ, ಮಾಹಿತಿ ಎರಡು ದಾರಿಯಲ್ಲಿ ಹರಿಯುತ್ತದೆ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಿದ್ದರಿಂದ ರ‍್ಯಾಮಿನ ಬೆಲೆ ವಿಪರೀತ ಏರಿತು. ಆದ್ದರಿಂದ ಹಳೆಯ ದರಪಟ್ಟಿ ನಂಬಿಕೊಂಡು ಅಂಗಡಿಗೆ ಹೊರಡಬೇಡಿ.

ಎಲ್ಲರೂ ಕೈ ಬಿಗಿಹಿಡಿಯುವುದು ಪವರ್ ಸಪ್ಲೈ ವಿಷಯದಲ್ಲಿ. ಆ ತಂದೆ ತಂದ ಪಟ್ಟಿಯಲ್ಲಂತೂ ಅದಕ್ಕೆ ಕಂಪೆನಿಯ ಹೆಸರೇ ಇರಲಿಲ್ಲ. ಮನೆಯ 230 ವೋಲ್ಟ್ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸಿ ಎಲ್ಲ ಭಾಗಗಳಿಗೆ ಬಡಿಸುವ ಸಾಧನ ಇದು. ಕಳಪೆಯದಾದರೆ ತಾನು ಸುಡುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಲೆಕ್ಕ ಸುಲಭ: 4060 ಕಾರ್ಡಿಗೆ 115 ವ್ಯಾಟ್, ಪ್ರೊಸೆಸರಿಗೆ 65, ಉಳಿದವುಗಳಿಗೆ ಐವತ್ತು-ಅರವತ್ತು. ಒಳ್ಳೆಯ ಕಂಪೆನಿಯ 550 ವ್ಯಾಟಿನದು ಧಾರಾಳವಾಯಿತು. ಮೇಲೆ '80 ಪ್ಲಸ್' ಗುರುತಿರಲಿ. ಗೋಡೆಯಿಂದ ಎಳೆದ ನೂರು ವ್ಯಾಟಿನಲ್ಲಿ ಎಂಬತ್ತಾದರೂ ಒಳಗೆ ತಲುಪುತ್ತದೆ, ಉಳಿದದ್ದು ಶಾಖವಾಗುತ್ತದೆ. ದೀಪದ ಕ್ಯಾಬಿನೆಟ್ಟಿನ ಬದಲು ಗಾಳಿಯಾಡುವ ಸಾದಾ ಕ್ಯಾಬಿನೆಟ್ ಆರಿಸಿದರೆ ಈ ಖರ್ಚು ಅಲ್ಲಿಯೇ ಹೊರಟೀತು.

ಹಳೆಯ ಕಾರ್ಡ್ ಅಗ್ಗಕ್ಕೆ ಸಿಗುತ್ತದಲ್ಲ ಎನ್ನುವವರೂ ಇದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ 'ಗಣಿಗಾರಿಕೆ' ನಿಂತಾಗ, ಹಗಲಿರುಳು ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಬಹುದು. ಕಾರ್ಡಿಗೆ ಆ ಸೌಕರ್ಯವಿಲ್ಲ. ಕೊಳ್ಳಲೇಬೇಕಾದರೆ ಅರ್ಧ ಗಂಟೆ ಆಟ ಓಡಿಸಿ, ಶಾಖ ನೋಡಿ, ವಾರಂಟಿ ಉಳಿದಿದೆಯೇ ಕೇಳಿ. ಹೊಸದಕ್ಕೂ ಬಿಲ್ ಬಿಡಬೇಡಿ. ಬಿಲ್ ಇಲ್ಲದಿದ್ದರೆ 18 ಶೇಕಡ ಜಿಎಸ್‌ಟಿ ಉಳಿಯುತ್ತದೆಂದು ಯಾರಾದರೂ ಪಿಸುಗುಟ್ಟಿದರೆ, ವಾರಂಟಿಗೆ ಬಿಲ್ ಕೇಳುತ್ತಾರೆಂಬುದು ನೆನಪಿರಲಿ.

ಪೆಟ್ಟಿಗೆ ಮನೆಗೆ ಬರುವ ಮುಂಚೆ, ಅದನ್ನಿಡುವ ಮೂಲೆಯ ಸಾಕೆಟ್ಟಿನ ಮೂರನೇ ತೂತಿಗೆ ಅರ್ತ್ ತಂತಿ ನಿಜಕ್ಕೂ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ತೂತು ಮಾತ್ರ ಇರುತ್ತದೆ, ತಂತಿ ಇರುವುದಿಲ್ಲ.